ಡೇರಿ ಸೆಕ್ರೆಟ್ರಿ ಕುಡಿಯದ ಹಾಲು

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಪಕ್ಕದ ಬೀದಿಯ ಯಾರದೋ ಮನೆಯಿಂದ ಗಿಣ್ಣು ಬೇಯುವ ವಾಸನೆ ಬಂತು. ಮೊದಲು ಏಲಕ್ಕಿ, ಆಮೇಲೆ ಬೆಲ್ಲ, ಅದರ ಬೆನ್ನಿಗೇ ಎಳೆಹಾಲಿನ ಆ ಭಾರವಾದ ಗಮಲು. ಬಾಯಲ್ಲಿ ನೀರೂರಿತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಾಲು, ಮೊಸರು, ತುಪ್ಪ, ಮಾಂಸದ ಬಾಡು ಎಲ್ಲ ಬಿಟ್ಟು ವರ್ಷಗಳಾದರೂ ನನ್ನ ಮೂಗು ಮಾತ್ರ ಇನ್ನೂ ಹಳೇ ಪಾರ್ಟಿಯಲ್ಲೇ ಇದೆ. ನಾನು ಅದಕ್ಕೆ ಬೈಯುವುದಿಲ್ಲ. ತಿನ್ನುವುದು ಬಿಡುವುದು ಬಾಯಿಯ ಕೆಲಸ. ಬಾಯಿ ನನ್ನ ಮಾತು ಕೇಳುತ್ತದೆ, ಅಷ್ಟು ಸಾಕು.

ಗಿಣ್ಣಿನ ಮರ್ಯಾದೆ ಎಂಥದ್ದೆಂದು ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಹಸು ಕರು ಹಾಕಿದ ಮೊದಲ ಕೆಲವು ದಿನ ಬರುವ ಗಟ್ಟಿ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಅದಕ್ಕೆ ಬೆಲ್ಲ ಬೆರೆಸಿ, ಹಬೆಯಲ್ಲಿ ಬೇಯಿಸಿ, ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಾರೆ. ನಮ್ಮ ಕಡೆ ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಸಕ್ಕರೆ ಕಾಯಿಲೆಯವರೂ ಒಂದು ಚೂರು ಬಾಯಿಗಿಟ್ಟುಕೊಂಡು, ಗಿಣ್ಣು ಬಂದ ಪಾತ್ರೆಗೆ ಒಂದು ಹಿಡಿ ಅಕ್ಕಿ ಹಾಕಿ ಕಳಿಸುತ್ತಾರೆ. ಬೇಡ ಅಂದರೆ ಆ ಹಸುವಿಗೆ ಕೇಡು ಬಯಸಿದ ಹಾಗೆ. ಅಂಥ ಗಿಣ್ಣನ್ನು ನಾನು ಬೇಡ ಅಂದೆ. ಅದೂ ಯಾರ ಮನೆಯದನ್ನು? ಸಾಕಮ್ಮ ದೊಡ್ಡವ್ವನ ಮನೆಯದನ್ನು. ಅದೂ ಏನಾಗಿದ್ದುಕೊಂಡು? ಊರಿನ ಹೆಂಗಸರ ಡೇರಿಗೆ ಸೆಕ್ರೆಟ್ರಿಯಾಗಿದ್ದುಕೊಂಡು. ನನ್ನಂಥ ಬುದ್ಧಿವಂತೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಮ್ಮೂರು ರಾವಂದೂರಿನ ಆಚೆ, ಹೊಗೆಸೊಪ್ಪಿನ ಹೊಲಗಳ ನಡುವೆ ಇದೆ. ನನ್ನ ತವರು ಕೆ.ಆರ್. ನಗರದ ಕಡೆ, ನಾಲೆ ನೀರಿನ ಗದ್ದೆಗಳ ಊರು. ಮದುವೆಯಾಗಿ ಇಲ್ಲಿಗೆ ಬಂದಾಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಿಸಿಗೆ ಕಣ್ಣು ಉರಿಯುತ್ತಿತ್ತು. ಹತ್ತನೇ ಕ್ಲಾಸು ಪಾಸಾದ ಸೊಸೆ ಅಂತ ಊರಿನ ಹೆಂಗಸರು ನನ್ನನ್ನು ಡೇರಿಯಲ್ಲಿ ಕೂರಿಸಿದರು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಅವರು ಚೊಂಬು, ಕ್ಯಾನು ಹಿಡಿದು ಕಿಟಕಿಯ ಆಚೆ ಸಾಲು ನಿಲ್ಲುವುದು, ನಾನು ಈಚೆ ಕೂತು ಹಾಲು ಅಳೆಯುವುದು, ಮಿಷನ್ನಿಗೆ ಇಟ್ಟು ಫ್ಯಾಟು ಎಷ್ಟು ಬಂತೆಂದು ಕೂಗುವುದು. ನೀರು ಬೆರೆಸಿದವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. ‘ಏನವ್ವ, ನಿನ್ನ ಹಸು ಬೋರ್‌ವೆಲ್ ಪಕ್ಕದಲ್ಲಿ ಮೇಯ್ತದಾ?’ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದೆ. ಅದಕ್ಕೇ ನನ್ನ ಮೇಲೆ ಅವರಿಗೆ ನಂಬಿಕೆ. ಹೊಗೆಸೊಪ್ಪಿನ ದುಡ್ಡು ಗಂಡಸರ ಜೇಬಿಗೆ ಹೋಗುತ್ತದೆ, ಹಾಲಿನ ದುಡ್ಡು ಹೆಂಗಸರ ಕೈಗೆ ಬರುತ್ತದೆ. ಮಕ್ಕಳ ಯೂನಿಫಾರ್ಮು, ಔಷಧಿ, ತವರಿಗೆ ಹೋಗುವ ಬಸ್ ಚಾರ್ಜು ಎಲ್ಲ ಆ ಕಿಟಕಿಯಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿ ‘ಇವಳಿಗೆ ಹೆಂಗಸರ ಕಷ್ಟ ಗೊತ್ತಿಲ್ಲ’ ಅಂತ ನೀವು ಅಂದುಕೊಳ್ಳಬಾರದು.

ನಮ್ಮ ಮನೆಯಲ್ಲೂ ಒಂದು ಹಸು ಇತ್ತು. ಕಪ್ಪು ಬಿಳುಪಿನ ಸೀಮೆಹಸು, ಹಣೆಯಲ್ಲಿ ಚುಕ್ಕಿ, ಹೆಸರೂ ಚುಕ್ಕಿ. ಒಂದು ಸಲ ಅವಳು ಗಂಡುಕರು ಹಾಕಿದಳು. ಹೆಣ್ಣುಕರುವಾದರೆ ಮನೆಯಲ್ಲಿ ಸಡಗರ. ಗಂಡಾದರೆ ಯಾರೂ ಮಾತಾಡುವುದಿಲ್ಲ. ನಾಟಿ ಎತ್ತಾದರೆ ಉಳುವುದಕ್ಕೆ ಬೇಕು, ಈ ಸೀಮೆಹಸುವಿನ ಗಂಡಿಗೆ ನೊಗ ಹೊರುವ ಹೆಗಲೂ ಇಲ್ಲ. ಉಳುವುದಕ್ಕೆ ಟ್ರ್ಯಾಕ್ಟರು ಬಂದಾಗಿದೆ. ಹಾಗಾಗಿ ಕೆಲವು ದಿನ ಕಳೆದ ಮೇಲೆ ಗೂಡ್ಸ್ ಆಟೋದವನು ಬಂದು ಹೊತ್ತುಕೊಂಡು ಹೋಗುತ್ತಾನೆ. ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ, ಕೇಳದಿದ್ದರೂ ಎಲ್ಲರಿಗೂ ಗೊತ್ತು. ನಮ್ಮದೂ ಹಾಗೇ ಹೋಯಿತು. ಚುಕ್ಕಿ ಹಗ್ಗ ಜಗ್ಗಿ ಜಗ್ಗಿ ಕೂಗಿದಳು. ಸಂಜೆ ಕರೆಯಲು ಕೂತರೆ ಹಾಲು ಇಳಿಸಲಿಲ್ಲ. ನಮ್ಮ ಯಜಮಾನರು ಕರು ಮಲಗುತ್ತಿದ್ದ ಗೋಣಿತಾಟನ್ನು ತಂದು ಅವಳ ಮುಂದೆ ಹಾಸಿದರು. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಚುಕ್ಕಿ ಅದನ್ನು ಮೂಸಿದಳು. ಆಮೇಲೆ ನೆಕ್ಕಲು ಶುರು ಮಾಡಿದಳು. ಗೋಣಿಯನ್ನು ನೆಕ್ಕುತ್ತಾ ನೆಕ್ಕುತ್ತಾ ಹಾಲು ಇಳಿಸಿಬಿಟ್ಟಳು.

ಆ ಹಾಲನ್ನು ನಾನೇ ಡೇರಿಗೆ ತಗೊಂಡು ಹೋದೆ, ನಾನೇ ಮಿಷನ್ನಿಗೆ ಇಟ್ಟೆ. ಫ್ಯಾಟು ಬಹಳ ಚೆನ್ನಾಗಿ ಬಂತು. ಅಭ್ಯಾಸಬಲ ನೋಡಿ, ‘ಒಳ್ಳೇ ಹಾಲು’ ಅಂತ ನನಗೆ ನಾನೇ ಕೂಗಿದೆ. ಮನೆಗೆ ಬಂದು ಊಟಕ್ಕೆ ಕೂತು ಅನ್ನಕ್ಕೆ ಮೊಸರು ಬಡಿಸಿಕೊಂಡವಳು ತಟ್ಟೆಯನ್ನು ಹಾಗೇ ಸರಿಸಿ ಎದ್ದೆ. ಅವತ್ತಿನಿಂದ ಇವತ್ತಿನವರೆಗೆ ಹಾಲಿನದು ಏನನ್ನೂ ಮುಟ್ಟಿಲ್ಲ. ಬಾಡಿನ ಮೇಲಿನ ಮನಸ್ಸೂ ಹೋಯಿತು.

ನಮ್ಮ ಯಜಮಾನರಿಗೆ ಹೇಳಿದಾಗ ಅವರು ಬೀಡಿ ಕೆಳಗಿಟ್ಟು ನನ್ನ ಮುಖ ನೋಡಿದರು.

‘ಬಾಡು ಬುಟ್ಟೆ ಅಂದ್ರೆ ಒಪ್ಕತೀನಿ ಕಣೆ, ಬೇಕಾದಷ್ಟು ಜನ ಬುಡ್ತಾರೆ. ಮೊಸ್ರು ಬುಡ್ತೀನಿ ಅಂದ್ರೆ ಏನರ್ಥ? ಮೊಸ್ರೇನು ಅಳ್ತದಾ?’

‘ಚುಕ್ಕಿ ಅತ್ತಳಲ್ರೀ.’

ಅವರು ಕೆಳಗಿಟ್ಟ ಬೀಡಿಯನ್ನು ಮತ್ತೆ ಎತ್ತಿಕೊಂಡರು. ಗೋಣಿತಾಟು ಹಾಸಿದವರು ಅವರೇ. ಆಮೇಲೆ ಒಂದು ಒಪ್ಪಂದವಾಯಿತು. ಅವರು ಏನು ಬೇಕಾದರೂ ತಿನ್ನಬಹುದು, ನಾನು ಬೇಯಿಸುವುದಿಲ್ಲ, ಪಾತ್ರೆ ತೊಳೆಯುವುದೂ ಇಲ್ಲ. ಸ್ವಲ್ಪ ದಿನ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬಾಡು ಬೇಯಿಸಿಕೊಂಡರು. ಬೇಯಿಸುವುದರಲ್ಲಿ ಸೋಲಲಿಲ್ಲ, ಜಿಡ್ಡಿನ ಪಾತ್ರೆ ಉಜ್ಜುವುದರಲ್ಲಿ ಸೋತರು. ಕಾಫಿಯನ್ನು ಮಾತ್ರ ಬಿಡಲಿಲ್ಲ. ಕೊಡಗಿನ ಬಾಗಿಲಲ್ಲಿ ಹುಟ್ಟಿದವರು, ಹಾಲಿನ ಕಾಫಿ ಇಲ್ಲದಿದ್ದರೆ ಅವರಿಗೆ ಬೆಳಗಾಗುವುದಿಲ್ಲ. ಅದನ್ನು ಅವರೇ ಕಾಯಿಸಿಕೊಳ್ಳುತ್ತಾರೆ. ಚುಕ್ಕಿಯನ್ನು ನಾನು ಮಾರಲು ಬಿಡಲಿಲ್ಲ, ಮತ್ತೆ ಗಬ್ಬ ಮಾಡಿಸಲೂ ಬಿಡಲಿಲ್ಲ. ಹಾಲು ಬತ್ತಿದ ಮೇಲೂ ಅವಳು ನಮ್ಮ ಕೊಟ್ಟಿಗೆಯಲ್ಲೇ ತಿಂದುಕೊಂಡಿದ್ದು, ಹೋದ ವರ್ಷ ಕಾಯಿಲೆ ಬಂದು ತೀರಿಕೊಂಡಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ನನ್ನ ತಂಗಿಯ ಮಗಳು ಫೋನಿನಲ್ಲಿ ‘ದೊಡ್ಡಮ್ಮ, ಹಾಗಾದ್ರೆ ನೀವೀಗ ವೀಗನ್’ ಅಂದಳು. ಯಾವುದೋ ಹೊಸ ಕಾಯಿಲೆಯ ಹೆಸರಿರಬೇಕು ಅಂತ ಹೆದರಿಬಿಟ್ಟೆ. ಹಾಗಲ್ಲ, ಪ್ರಾಣಿಗಳಿಂದ ಬಂದದ್ದನ್ನು ಏನನ್ನೂ ತಿನ್ನದವರಿಗೆ ಹಾಗಂತಾರೆ ಅಂದಳು. ಹೆಸರು ಏನಾದರೂ ಇರಲಿ, ನನಗೆ ಬೇಕಾಗಿದ್ದದ್ದು ಹೆಸರಲ್ಲ, ಮಧ್ಯಾಹ್ನಕ್ಕೆ ಮಜ್ಜಿಗೆ.

ಅಡುಗೆಮನೆಯಲ್ಲಿ ಕೂತು ಯೋಚಿಸಿದರೆ ಒಂದು ವಿಷಯ ಹೊಳೆಯಿತು. ನಮ್ಮ ಅಡುಗೆಗೆ ಹಾಲು ಬೇಕೇ ಇಲ್ಲ. ಮುದ್ದೆಗೆ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಹುರುಳಿಕಟ್ಟಿನ ಸಾರು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿ. ಯಾವುದರಲ್ಲಿ ಹಾಲಿದೆ ಹೇಳಿ? ಹಬ್ಬದ ದಿನ ಒತ್ತುಶ್ಯಾವಿಗೆಗೆ ಹಾಕಿಕೊಳ್ಳುವುದು ಕಾಯಿಹಾಲು. ಎಲ್ಲ ಇತ್ತು, ನಾವು ಕೊನೆಯಲ್ಲಿ ಒಂದು ಸೌಟು ಮೊಸರು ಸುರಿದುಕೊಂಡು ಎಲ್ಲಾ ಮೊಸರಿನದೇ ಮಹಿಮೆ ಅನ್ನುತ್ತಿದ್ದೆವು, ಅಷ್ಟೇ. ಆದರೆ ಆ ಒಂದು ಸೌಟೇ ನನ್ನನ್ನು ಕಾಡಿದ್ದು. ಮೊದಲು ಕಾಯಿಹಾಲನ್ನು ಹೆಪ್ಪು ಹಾಕಲು ಹೋದೆ. ಮಾರನೇ ದಿನ ಮುಚ್ಚಳ ತೆಗೆದರೆ ಮೇಲೆ ಎಣ್ಣೆ, ಕೆಳಗೆ ನೀರು, ಮನೆಯೆಲ್ಲ ಕೊಬ್ಬರಿ ಎಣ್ಣೆಯ ಗಬ್ಬು. ‘ತಲೆಗೆ ಹಚ್ಕಳಾಕಾ, ಅನ್ನಕ್ಕಾ?’ ಅಂತ ನಮ್ಮ ಯಜಮಾನರು ಕೇಳಿದರು. ಆಮೇಲೆ ಕಡಲೆಕಾಯಿ ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಕಾಯಿಸಿ ಆರಿಸಿ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿಟ್ಟೆ. ಬೆಳಿಗ್ಗೆಗೆ ಹೆಪ್ಪಾಗಿತ್ತು. ಹೆಪ್ಪಾಗಿತ್ತು ಅಂತ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕೈ ತಟ್ಟಿದ್ದು ಯಾರಿಗೂ ಗೊತ್ತಿಲ್ಲ, ನಿಮಗೆ ಹೇಳುತ್ತಿದ್ದೇನೆ. ಸಾಸಿವೆ, ಕರಿಬೇವು, ಇಂಗು ಒಗ್ಗರಣೆ ಕೊಟ್ಟು ಮಜ್ಜಿಗೆ ಮಾಡಿದೆ. ನಮ್ಮ ಯಜಮಾನರು ಕುಡಿದು ಲೋಟ ಕೆಳಗಿಟ್ಟರು. ‘ಮಜ್ಗೆ ಅಲ್ಲ. ಆದ್ರೂ ಇನ್ನೊಂಚೂರು ಆಕು’ ಅಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಮದುವೆಯಾದ ಮೇಲೆ ನಾನು ಅವರಿಂದ ಕೇಳಿಲ್ಲ.

ಪಿರಿಯಾಪಟ್ಟಣದ ಕಾಯಿ ಅಂಗಡಿಯ ಅನ್ವರ್ ಭಾಯಿಗೆ ನಾನು ಖಾಯಂ ಗಿರಾಕಿಯಾದೆ. ‘ಏನ್ ಮೇಡಂ, ನಿಮ್ ಮನೇಲಿ ದಿನಾ ಮದ್ವೇನಾ?’ ಅಂತ ರೇಗಿಸುತ್ತಿದ್ದರು. ಸಂಗತಿ ಹೇಳಿದ ಮೇಲೆ ನಗುವುದು ನಿಲ್ಲಿಸಿ, ಬಲಿತ ಕಾಯಿಗಳನ್ನೇ ಆರಿಸಿ ಆರಿಸಿ ಕೊಟ್ಟರು. ‘ಹಾಲ್ ತೆಗೆಯೋದಿದ್ರೆ ಬಿಸಿನೀರು ಹಾಕಿ ರುಬ್ಬಿ, ಮೊದಲ ಹಾಲು ಬೇರೆ ಎತ್ತಿಡಿ. ನಮ್ ಅಮ್ಮಿ ಅದ್ರಲ್ಲೇ ಅನ್ನ ಮಾಡ್ತಿದ್ರು, ಲವಂಗ ಪಲಾವ್ ಎಲೆ ಹಾಕಿ’ ಅಂದರು. ಆ ಅನ್ನ ಈಗ ನಮ್ಮ ಮನೆಯ ಭಾನುವಾರದ ಅಡುಗೆ. ಒಮ್ಮೆ ಬೈಲಕುಪ್ಪೆಗೆ ಹೋದಾಗ ಟಿಬೆಟನ್ನರ ಅಂಗಡಿಯಿಂದ ಸೋಯಾ ಹಾಲಿನ ಪನೀರಿನಂಥದ್ದೊಂದನ್ನೂ ತಂದೆ. ‘ಜೋರಾಗ್ ಫ್ರೈ ಮಾಡಿ ಅಕ್ಕ, ಖಾರ ಹಾಕಿ’ ಅಂದಿದ್ದಳು ಅಂಗಡಿಯವಳು. ನಾನು ಆತುರಕ್ಕೆ ಹಾಗೇ ಸಾರಿಗೆ ಹಾಕಿದೆ. ನಮ್ಮ ಯಜಮಾನರು ಒಂದು ತುಂಡು ಅಗಿದು, ‘ಗ್ವಾಡೆ ತಿಂದಂಗದೆ’ ಅಂದರು.

ಇಷ್ಟೆಲ್ಲ ನಡೆದರೂ ಡೇರಿಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಹಾಲು ಕುಡಿಯದವಳು ಹಾಲು ಅಳೆಯುತ್ತಾಳೆ ಅಂದರೆ ಅದನ್ನು ಯಾರಿಗೆ ಹೇಗೆ ಬಿಡಿಸಿ ಹೇಳುವುದು? ನಮ್ಮ ಯಜಮಾನರಿಗೂ ಒಂದು ಸಂಕೋಚ. ಹೆಂಡತಿ ಕೂತ ಕಿಟಕಿಯಲ್ಲಿ ಹೋಗಿ ಕಾಫಿಗೆ ಹಾಲು ಕೇಳುವುದು ಅವರಿಂದ ಆಗಲಿಲ್ಲ. ಪಟ್ಟಣಕ್ಕೆ ಹೋದಾಗಲೆಲ್ಲ ಪ್ಯಾಕೆಟ್ ಹಾಲು ತಂದುಬಿಡುತ್ತಿದ್ದರು. ಆ ಪ್ಯಾಕೆಟ್ಟಿನ ಕವರುಗಳು ನಮ್ಮ ತಿಪ್ಪೆಯಲ್ಲಿ ಬಿದ್ದಿರುತ್ತಿದ್ದವು. ನಮ್ಮೂರಲ್ಲಿ ತಿಪ್ಪೆ ನೋಡಿದರೆ ಮನೆಯೊಳಗಿನ ಸುದ್ದಿಯೆಲ್ಲ ತಿಳಿಯುತ್ತದೆ ಅನ್ನುವುದು ನಮ್ಮಿಬ್ಬರಿಗೂ ಮರೆತೇಹೋಗಿತ್ತು.

ಸಾಕಮ್ಮ ದೊಡ್ಡವ್ವನ ಹಸು ಕರು ಹಾಕಿದ್ದು ಮೂರು ತಿಂಗಳ ಹಿಂದೆ. ದೊಡ್ಡವ್ವನಿಗೆ ಗಂಡ ಇಲ್ಲ, ಮಗಳನ್ನು ಎಚ್.ಡಿ. ಕೋಟೆ ಕಡೆ ಕೊಟ್ಟಿದ್ದಾಳೆ. ಇರುವುದು ಒಂದು ಹಸು, ಒಂದು ಚೂರು ಹಿತ್ತಲು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹಾಲು ಕರೆಯುವುದು ಕಲಿಸಿದವಳು ಅವಳೇ. ಮೊದಲ ಗಿಣ್ಣು ಯಾವಾಗಲೂ ನನ್ನ ಮನೆಗೇ ಬರುತ್ತಿತ್ತು. ಹಿಂದಿನ ಸಲ ನಾನು ಈಸಿಕೊಂಡು ಯಜಮಾನರಿಗೆ ಕೊಟ್ಟಿದ್ದೆ. ಈ ಸಲ ಅವರು ಮನೆಯಲ್ಲಿರಲಿಲ್ಲ. ದೊಡ್ಡವ್ವ ಬಿಸಿಬಿಸಿ ಬಟ್ಟಲು ಹಿಡಿದು ನನ್ನ ಎದುರೇ ಕೂತಳು.

‘ತಿನ್ನವ್ವ, ನಿನ್ ಬಾಯಿಂದ ಚೆನ್ನಾಗದೆ ಅನ್ನು, ನನ್ ಅಸ ತಣ್ಗಿರ್ಲಿ.’

‘ದೊಡ್ಡವ್ವ, ಏನ್ ಕರು?’ ಅಂದೆ, ಮಾತು ತಪ್ಪಿಸಲು.

‘ಗಂಡ್ಗರ ಕಣವ್ವ, ಏನ್ ಮಾಡಾದು. ತಿನ್ನು.’

ಸುಳ್ಳು ಹೇಳಬಹುದಿತ್ತು. ಹೊಟ್ಟೆ ಸರಿಯಿಲ್ಲ ಅನ್ನಬಹುದಿತ್ತು. ಆದರೆ ಗಂಡುಕರು ಅಂತ ಕೇಳಿದ ಮೇಲೆ ನನ್ನ ಬಾಯಿಗೆ ಸುಳ್ಳೂ ಬರಲಿಲ್ಲ. ‘ನಾನು ಹಾಲಿನದು ತಿನ್ನಲ್ಲ ದೊಡ್ಡವ್ವ, ಬಿಟ್ಟುಬಿಟ್ಟಿದ್ದೀನಿ’ ಅಂದೆ. ಅವಳು ನನ್ನನ್ನೂ ಬಟ್ಟಲನ್ನೂ ನೋಡಿದಳು. ಅಕ್ಕಿ ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಬಟ್ಟಲು ಎತ್ತಿಕೊಂಡು ಹೊರಟುಹೋಗಿದ್ದಳು.

ಆಮೇಲೆ ಆದದ್ದು ನಮ್ಮೂರಿನಂಥ ಊರಲ್ಲಿ ಮಾತ್ರ ಆಗುವಂಥದ್ದು. ಗಿಣ್ಣು ಬೇಡ ಅಂದ ಸುದ್ದಿ ಒಂದು ಕಡೆಯಿಂದ ಬಂತು, ತಿಪ್ಪೆಯ ಪ್ಯಾಕೆಟ್ ಕವರಿನ ಸುದ್ದಿ ಇನ್ನೊಂದು ಕಡೆಯಿಂದ ಬಂತು, ಎರಡೂ ನಲ್ಲಿಯ ಹತ್ತಿರ ಸೇರಿದವು. ಸೆಕ್ರೆಟ್ರಿ ನಮ್ಮ ಹಾಲು ಮುಟ್ಟುವುದಿಲ್ಲ, ಪೇಟೆ ಹಾಲು ತರಿಸುತ್ತಾಳೆ. ದಿನಾ ಮಿಷನ್ನಿಗೆ ಇಟ್ಟು ನೋಡುವವಳಿಗೆ ಗೊತ್ತಿಲ್ಲದ್ದು ಏನಿದೆ? ನಮ್ಮ ಹಾಲಿನಲ್ಲಿ ಯಾರೋ ಏನೋ ಬೆರೆಸುತ್ತಿದ್ದಾರೆ, ಇವಳು ಬಾಯಿ ಬಿಡುತ್ತಿಲ್ಲ. ನಮ್ಮೂರಿನ ಹಾಲೇ ಊರೂರು ಸುತ್ತಿ ಪ್ಯಾಕೆಟ್ಟಾಗಿ ವಾಪಸು ಬರುವುದು ಅಂತ ಯಾರಿಗೂ ಹೊಳೆಯಲಿಲ್ಲ. ಒಬ್ಬರ ಕ್ಯಾನನ್ನು ಒಬ್ಬರು ಅನುಮಾನದಿಂದ ನೋಡತೊಡಗಿದರು. ಕೆಲವರು ಹಾಲನ್ನು ನಮ್ಮ ಡೇರಿಗೆ ಹಾಕದೆ ಪಕ್ಕದೂರಿಗೆ ಹೊತ್ತುಕೊಂಡು ಹೋದರು. ಅತಿ ಹೆಚ್ಚು ಅನುಮಾನಕ್ಕೆ ಸಿಕ್ಕವಳು ಸಾಕಮ್ಮ ದೊಡ್ಡವ್ವ, ಯಾಕೆಂದರೆ ನಾನು ಬೇಡ ಅಂದದ್ದು ಅವಳ ಗಿಣ್ಣನ್ನು. ನನ್ನ ಹಟ ನನ್ನೊಬ್ಬಳ ತಲೆಯ ಮೇಲೆ ಬಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಡೇರಿಯ ಅಧ್ಯಕ್ಷೆ ಜಯಮ್ಮ ಒಳ್ಳೆಯ ಹೆಂಗಸು. ಒಂದು ಬೆಳಿಗ್ಗೆ ಎಲ್ಲರೂ ಸಾಲಿನಲ್ಲಿ ನಿಂತಿದ್ದಾಗ ಒಂದು ಲೋಟದಲ್ಲಿ ಹಾಲು ಕಾಯಿಸಿಕೊಂಡು, ಸಕ್ಕರೆ ಬೆರೆಸಿಕೊಂಡು ಬಂದರು. ದೊಡ್ಡವ್ವನ ಕ್ಯಾನಿನದೇ ಹಾಲು.

‘ನೋಡವ್ವ, ನಂಗೇನ್ ನಿನ್ ಮ್ಯಾಲೆ ಅನ್ಮಾನ ಇಲ್ಲ. ಎಲ್ಲಾರ್ ಮುಂದೆ ಇದೊಂದ್ಲೋಟ ಕುಡ್ದುಬುಡು. ಎಲ್ಲಾ ಬಾಯ್ ಮುಚ್ಕತಾರೆ.’

ಲೋಟ ಕೈಗೆ ತಗೊಂಡೆ. ಬಿಸಿಯಿತ್ತು. ಸಾಲಿನಲ್ಲಿದ್ದ ಎಲ್ಲರ ಕಣ್ಣೂ ನನ್ನ ಮೇಲೆ. ಒಂದು ಲೋಟ ಕುಡಿದರೆ ಯಾವ ಕರುವಿಗೂ ಏನೂ ಆಗುವುದಿಲ್ಲ, ಬುದ್ಧಿ ಹಾಗೇ ಹೇಳಿತು. ದೊಡ್ಡವ್ವನ ಮರ್ಯಾದೆ ಉಳಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ, ಡೇರಿ ಉಳಿಯುತ್ತದೆ. ನೀವಾಗಿದ್ದರೆ ಕುಡಿಯುತ್ತಿದ್ದಿರೋ ಏನೋ, ಕುಡಿದರೆ ನಾನು ತಪ್ಪು ಅನ್ನುವುದಿಲ್ಲ. ಆದರೆ ನನಗೆ ಚುಕ್ಕಿ ಗೋಣಿತಾಟು ನೆಕ್ಕುವ ಸದ್ದು ಕೇಳಿಸುತ್ತಿತ್ತು. ಇವತ್ತು ಜನಕ್ಕೆ ಹೆದರಿ ಕುಡಿದರೆ ಅವತ್ತು ತಟ್ಟೆ ಸರಿಸಿ ಎದ್ದದ್ದು ನಾಟಕವಾಗಿಬಿಡುತ್ತದೆ ಅನ್ನಿಸಿತು. ಕುಡಿಯುವುದಿಲ್ಲ ಅಂತ ನಿರ್ಧಾರ ಮಾಡಿದೆ. ಲೋಟವನ್ನು ಮೇಜಿನ ಮೇಲೆ ಇಟ್ಟೆ.

‘ನಿಮ್ಮ ಹಾಲಿನಲ್ಲಿ ಯಾವ ದೋಷವೂ ಇಲ್ಲ. ದೊಡ್ಡವ್ವನ ಹಾಲಂತೂ ಚಿನ್ನ. ಕೆಟ್ಟದ್ದು ಅಂತ ಅಲ್ಲ ನಾನು ಕುಡಿಯದೇ ಇರೋದು. ಅದು ಕರೂದು, ಅದಕ್ಕೆ ಕುಡಿಯಲ್ಲ’ ಅಂದೆ. ಚುಕ್ಕಿಯ ಸಂಗತಿಯನ್ನೆಲ್ಲ ಹೇಳಿದೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಕಮ್ಮ ದೊಡ್ಡವ್ವ ನಗಲಿಲ್ಲ, ಸಾಲು ಬಿಟ್ಟು ಮುಂದೆ ಬಂದಳು.

‘ಕರೂದಂತೆ. ಪೂರಾ ಕರೂಗೇ ಬುಟ್ರೆ ನಾನೇನ್ ತಿನ್ಲಿ? ನಿಂಗೆ ಗಂಡ ಅವ್ನೆ, ಒಲ ಅದೆ, ಬ್ಯಾರನ್ ಅದೆ. ನಂಗೆ ಈ ಅಸ ಒಂದೇ ಕಣವ್ವ.’

ದೊಡ್ಡವ್ವ ಮೇಜಿನ ಮೇಲಿದ್ದ ಲೋಟ ಎತ್ತಿ, ಗಟಗಟನೆ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಸಾಲಿನ ಕಡೆ ತಿರುಗಿದಳು. ‘ನೋಡ್ಕಳ್ರವ್ವ, ಸತ್ನಾ ನಾನು?’ ಅಂದಳು. ಎಲ್ಲರೂ ನಕ್ಕರು. ಊರಿನ ಅನುಮಾನ ಅಲ್ಲಿಗೆ ಮುಗಿಯಿತು. ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು. ಯಾರೂ ಬಿಡಿಸಲಿಲ್ಲ, ಡೇರಿಯ ಬೀಗದ ಕೈಯನ್ನು ನಾನೇ ಜಯಮ್ಮನವರ ಕೈಗೆ ಕೊಟ್ಟೆ. ಹಾಲು ಬಿಟ್ಟವಳು ಹಾಲಿನ ಕೂಲಿ ಇಷ್ಟು ದಿನ ತಿಂದದ್ದೇ ಹೆಚ್ಚು ಅನ್ನಿಸಿತ್ತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಳು ಬಂತು, ಅತ್ತುಕೊಂಡೇ ಬಂದೆ.

ಕೆಲವು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಮುದ್ದೆ ತಿರುವುತ್ತಿದ್ದೆ. ಬಾಗಿಲಲ್ಲಿ ‘ಸೆಕ್ರೆಟ್ರೀ’ ಅಂತ ದೊಡ್ಡವ್ವನ ಕೂಗು. ಹೊರಗೆ ಬಂದರೆ ಅವಳ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕರು. ಇನ್ನೂ ಎಳೆಯದು, ನಮ್ಮ ಹೊಸಿಲಿನ ರಂಗೋಲಿಯನ್ನು ಮೂಸುತ್ತಿತ್ತು.

‘ಆಟೋದವ್ನು ನಮ್ಮನೆ ತಾವ್ ಬಂದ್ ನಿಂತವ್ನೆ. ಅವ್ನಿಗೆ ಕೊಡಾನಾ, ನಿಂಗೆ ಕೊಡಾನಾ, ಏಳು. ಆಲೂ ಬ್ಯಾಡ ಗಿಣ್ಣೂ ಬ್ಯಾಡ, ಕರೂದು ಕರೂದು ಅಂತ ಅಷ್ಟು ಜನುದ್ ಮುಂದೆ ಅಂದ್ಯಲ್ಲ. ಇಗಾ ಕರ.’

ನನಗೆ ಆ ಹೊತ್ತು ಕರುಣೆ ಉಕ್ಕಿ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಬಂದದ್ದು ಭಯ. ಸಂಬಳ ನಿಂತಿದೆ. ಈ ಪ್ರಾಣಿ ಬೆಳೆಯುತ್ತದೆ, ಆನೆಯಂತೆ ಮೇಯುತ್ತದೆ, ಉಳುವುದಿಲ್ಲ, ಹಾಲು ಕೊಡುವುದಿಲ್ಲ, ಸಾಯುವವರೆಗೂ ನನ್ನ ಕೊಟ್ಟಿಗೆಯಲ್ಲೇ ಇರುತ್ತದೆ. ಮೊಸರು ಬಿಡುವುದು ಸುಲಭವಿತ್ತು, ಇದು ಸುಲಭವಲ್ಲ. ಆದರೆ ಬಾಗಿಲಿಗೆ ಬಂದ ಮೇಲೆ ಬೇಡ ಅಂದರೆ ಆ ಲೋಟವನ್ನು ಅವತ್ತೇ ಕುಡಿಯಬಹುದಿತ್ತು. ಮುದ್ದೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಗ್ಗ ತಗೊಂಡೆ. ದೊಡ್ಡವ್ವನಿಗೆ ನಾನು ತಗೊಳ್ಳುತ್ತೇನೆ ಅಂತ ನಂಬಿಕೆ ಇರಲಿಲ್ಲ ಅಂತ ಕಾಣುತ್ತದೆ, ಬರಿಗೈಯನ್ನೇ ನೋಡಿಕೊಳ್ಳುತ್ತಾ ಹೋದಳು.

ನಮ್ಮ ಯಜಮಾನರು ಹೊಲದಿಂದ ಬಂದು ಕೊಟ್ಟಿಗೆಯಲ್ಲಿ ಕರು ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ.

‘ಇದುಕ್ಕೇನ್ ಕಡ್ಲೆಕಾಯ್ ಮಜ್ಗೆ ಕುಡುಸ್ತೀಯಾ?’ ಅಂದರು.

ನಿಜವಾದ ಪ್ರಶ್ನೆ ಅದೇ. ರಾಗಿ ಗಂಜಿ ಮಾಡಿ ಬೆರಳು ಅದ್ದಿ ಬಾಯಿಗಿಟ್ಟೆ, ಬೆರಳು ಚೀಪಿ ಗಂಜಿಯನ್ನು ಬಿಟ್ಟಿತು. ಕಾಯಿಹಾಲು ಕೊಟ್ಟೆ, ಬಕೆಟ್ಟಿಗೆ ಗುದ್ದಿ ಚೆಲ್ಲಿತು. ನಾನು ಎಷ್ಟೇ ಅಡುಗೆ ಕಲಿತಿರಲಿ, ಅದಕ್ಕೆ ಬೇಕಾದ ಅಡುಗೆ ನನ್ನ ಒಲೆಯ ಮೇಲೆ ಆಗುವುದಿಲ್ಲವಲ್ಲ. ಸಂಜೆ ಚೊಂಬು ಹಿಡಿದು ಡೇರಿಗೆ ಹೋದೆ. ಲೋಟ ಹಾಲು ಕುಡಿಯುವುದಿಲ್ಲ ಅಂತ ಭಾಷಣ ಮಾಡಿದ ಅದೇ ಜಾಗದಲ್ಲಿ, ಕಿಟಕಿಯ ಆಚೆ, ಹಾಲು ಕೊಳ್ಳಲು ಸಾಲಿನಲ್ಲಿ ನಿಂತೆ. ಈಗ ಅಲ್ಲಿ ಕೂರುವುದು ಜಯಮ್ಮನವರ ಸೊಸೆ. ‘ಯಾರ್ಗಕ್ಕ?’ ಅಂದಳು. ‘ಕರುಗೆ’ ಅಂದೆ. ಸಾಲೆಲ್ಲ ನಕ್ಕಿತು, ನನಗೂ ನಗು ತಡೆಯಲಾಗಲಿಲ್ಲ. ಆ ಹಾಲನ್ನೂ ಕರು ಮುಟ್ಟಲಿಲ್ಲ. ಅಮ್ಮಾ ಅಂತ ಕೂಗುತ್ತಲೇ ಇತ್ತು. ಅದರ ಕೂಗಿಗೆ ದೊಡ್ಡವ್ವನ ಕೊಟ್ಟಿಗೆಯಿಂದ ಹಸು ಕೂಗುತ್ತಿತ್ತು.

ಕರುವಿನ ಹಗ್ಗ ಬಿಚ್ಚಿಕೊಂಡು ದೊಡ್ಡವ್ವನ ಮನೆಗೆ ಹೊರಟೆ. ದೊಡ್ಡವ್ವ ಹಸುವಿನ ಪಕ್ಕ ಖಾಲಿ ಚೊಂಬು ಹಿಡಿದು ಕೂತಿದ್ದಳು. ಹಸು ಒಂದು ಹನಿ ಇಳಿಸಿರಲಿಲ್ಲ. ಅದರ ಮುಂದೆ ಗೋಣಿತಾಟು ಹಾಸಿರಲಿಲ್ಲ, ಡೇರಿಯಲ್ಲಿ ನಾನು ಹೇಳಿದ್ದನ್ನು ಕೇಳಿದ ಮೇಲೆ ಅವಳಿಗೆ ಅದು ಕೈಲಾಗಲಿಲ್ಲವಂತೆ. ಆಮೇಲೆ ಯಾವತ್ತೋ ಬೈದುಕೊಂಡೇ ಹೇಳಿದಳು. ಕರು ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ಹಸು ಅದರ ಬೆನ್ನು ನೆಕ್ಕಿತು, ನೆಕ್ಕುತ್ತಿದ್ದಂತೆ ಕೆಚ್ಚಲು ತುಂಬಿ ಬಂತು.

‘ಒಂದ್ ಮೊಲೆ ಅದುಕ್ಕೆ ಬುಡ್ತೀನಿ. ಮೂರು ನಂದು’ ಅಂದಳು ದೊಡ್ಡವ್ವ.

‘ಎರಡು ದೊಡ್ಡವ್ವ.’

‘ಏನವ್ವ, ಸಂತೇಲಿ ಬದ್ನೇಕಾಯ್ ಕೇಳ್ದಂಗ್ ಕೇಳ್ತೀಯಲ್ಲ.’

‘ಎರಡು. ಹಸುವಿನ ಹುಲ್ಲು ಹಿಂಡಿ ಅರ್ಧ ನಾನು ಹಾಕ್ತೀನಿ.’

ಅವಳು ಗೊಣಗಿದಳು, ಆದರೆ ಆ ಕಡೆಯ ಎರಡನ್ನು ಬಿಟ್ಟು ಈ ಕಡೆ ಕೂತಳು. ಆ ಕಡೆ ಕರು, ಈ ಕಡೆ ದೊಡ್ಡವ್ವ, ನಡುವೆ ಹಸು ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಾ ನಿಂತಿತು.

ಅವತ್ತಿನಿಂದ ಬೆಳಿಗ್ಗೆ ಸಂಜೆ ನನಗೆ ಇದೇ ಡ್ಯೂಟಿ. ಡೇರಿಗೆ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ಕರು ಹಿಡಿದುಕೊಂಡು ದೊಡ್ಡವ್ವನ ಮನೆಗೆ ಹೋಗುತ್ತೇನೆ. ಊರಿನವರು ಕರುವಿಗೆ ಸೆಕ್ರೆಟ್ರಿ ಅಂತ ಹೆಸರಿಟ್ಟಿದ್ದಾರೆ, ಇಟ್ಟುಕೊಳ್ಳಲಿ. ಹುಚ್ಚೆಳ್ಳಿನ ಪುಡಿ, ಒತ್ತುಶ್ಯಾವಿಗೆ ಮಾಡಿ ಪಟ್ಟಣದ ಒಂದೆರಡು ಅಂಗಡಿಗೆ ಕೊಡುತ್ತಿದ್ದೇನೆ, ಹಿಂಡಿಯ ಖರ್ಚು ಹೇಗೋ ನಡೆಯುತ್ತದೆ. ನನ್ನ ನ್ಯಾಯ ಪೂರ್ತಿ ಸರಿಯಾಗಿಲ್ಲ ಅಂತ ನನಗೇ ಗೊತ್ತು. ದೊಡ್ಡವ್ವ ಹಾಲು ಮಾರುತ್ತಾಳೆ, ಮುಂದಿನ ವರ್ಷ ಅವಳ ಹಸು ಮತ್ತೊಂದು ಕರು ಹಾಕುತ್ತದೆ, ಊರಿನ ಉಳಿದ ಕೊಟ್ಟಿಗೆಗಳಿಗೆ ಆಟೋ ಬರುತ್ತಲೇ ಇದೆ. ಎಲ್ಲವನ್ನೂ ಕಟ್ಟಿಕೊಳ್ಳಲು ನನ್ನ ಕೊಟ್ಟಿಗೆ ಸಾಲದು. ಆದರೆ ಇದೊಂದು ಮುದಿಯಾಗಿ ನನ್ನ ಕೊಟ್ಟಿಗೆಯಲ್ಲೇ ಸಾಯಬೇಕು. ಅದರಲ್ಲಿ ಎರಡು ಮಾತಿಲ್ಲ. ನಿನ್ನೆ ದೊಡ್ಡವ್ವನಿಗೆ ಶ್ಯಾವಿಗೆ, ಕಾಯಿಹಾಲು ಕೊಟ್ಟು ಬಂದಿದ್ದೆ. ‘ಚೆನ್ನಾಗದೆ. ಆದ್ರೆ ನಾನ್ ಆಲ್ ಬುಡಾಕಿಲ್ಲ, ಕೇಳ್ಬ್ಯಾಡ’ ಅಂದಳು. ನಾನು ಕೇಳಲಿಲ್ಲ.

ಇವತ್ತು ಸಂಜೆಯೂ ಹೋಗಿದ್ದೆ. ಕರು ಈಗ ಬಲಿತಿದೆ, ಗುದ್ದಿ ಗುದ್ದಿ ಕುಡಿಯುತ್ತದೆ. ತನ್ನ ಎರಡು ಮುಗಿಸಿ ದೊಡ್ಡವ್ವನ ಕಡೆಯದಕ್ಕೂ ಬಾಯಿ ಹಾಕಿತು. ದೊಡ್ಡವ್ವ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಡೇರಿಯ ಕಡೆಯಿಂದ ಕ್ಯಾನುಗಳ ಮುಚ್ಚಳ ಬಡಿಯುವ ಸದ್ದು ಬರುತ್ತಿತ್ತು, ಹಾಲಿನ ವ್ಯಾನು ಹೊರಡುವ ಹೊತ್ತು. ನನಗೇ ತಳಮಳವಾಯಿತು.

‘ದೊಡ್ಡವ್ವ, ಡೇರಿ ಬಾಗಿಲು ಹಾಕ್ತಾರೆ. ಕರು ಎಳ್ಕೊಳ್ಲಾ?’ ಅಂದೆ.

ಅವಳು ಕರುವಿನ ಹೊಟ್ಟೆಯ ಕೆಳಗೆ ಕೈಯಿಟ್ಟು ನೋಡಿದಳು.

‘ತಾಳವ್ವ’ ಅಂದಳು. ‘ಅದುಕ್ಕಿನ್ನೂ ವಟ್ಟೆ ತುಂಬಿಲ್ಲ.’